ಹೆಸರು ಕಳಚಿಕೊಳ್ಳದಂತೆ ಸಾಲು ಮಾಡುವುದು

ನಾನು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿ ಆಗಿನ್ನೂ ಎರಡು ತಿಂಗಳಾಗಿತ್ತು. ಒಂದು ಶಾಲೆಗೆ ಹತ್ತನೇ ತರಗತಿಯ ಮಕ್ಕಳ ಅಂಕಪಟ್ಟಿ ಬೇಕಿತ್ತು. ಜಾಸ್ತಿ ಅಂಕ ಮೇಲೆ, ಕಡಿಮೆ ಅಂಕ ಕೆಳಗೆ, ಅಷ್ಟೇ. ಇದೇನು ಮಹಾ ಎಂದುಕೊಂಡು ಒಪ್ಪಿಕೊಂಡೆ. ಹೆಸರು ಕೀ, ಅಂಕ ವ್ಯಾಲ್ಯೂ. ಹೀಗೆ ಕೀ-ವ್ಯಾಲ್ಯೂ ಜೋಡಿಗಳನ್ನು ಒಟ್ಟಿಗೆ ಇಡುವ ಪಟ್ಟಿಗೆ ಅಸೋಸಿಯೇಟಿವ್ ಅರೇ ಎನ್ನುತ್ತಾರೆ. ಅದನ್ನು ಮಾಡಿ, ಅದರ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲು ಮಾಡುವ ಆರ್-ಸಾರ್ಟ್ (rsort) ಎಂಬ ಫಂಕ್ಷನ್ ಓಡಿಸಿದೆ. ಅಂಕಗಳೇನೋ ಸರಿಯಾಗಿ ಇಳಿಯುತ್ತಾ ಬಂದವು. ಆದರೆ ಹೆಸರಿನ ಜಾಗದಲ್ಲಿ 0, 1, 2, 3 ಎಂದು ಬರುತ್ತಿತ್ತು.

ಹೆಸರು ಎಲ್ಲಿ ಹೋಯಿತು ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಹೆಸರುಗಳ ಪಟ್ಟಿ ಬೇರೆಯಾಗಿ ನನ್ನ ಹತ್ತಿರ ಇತ್ತಲ್ಲ, ಅದನ್ನೇ ತಂದು ಸಾಲು ಮಾಡಿದ ಅಂಕಗಳ ಪಕ್ಕಕ್ಕೆ ಅಂಟಿಸಿದೆ. ಪುಟ ನೋಡಲು ತುಂಬ ಚೆನ್ನಾಗಿತ್ತು. ಪ್ರತಿ ಸಾಲಿನಲ್ಲೂ ಒಂದು ಹೆಸರು, ಒಂದು ಅಂಕ. ಎಲ್ಲೂ ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಅದು ನೋಟಿಸ್ ಬೋರ್ಡಿಗೂ ಹೋಯಿತು. ಮಾರನೇ ದಿನ ಒಬ್ಬ ಹುಡುಗಿ ತನ್ನ ಉತ್ತರ ಪತ್ರಿಕೆ ಹಿಡಿದುಕೊಂಡು ಬಂದಳು. ಪತ್ರಿಕೆಯಲ್ಲಿ ಅವಳ ಅಂಕ 92, ಬೋರ್ಡಿನ ಮೇಲೆ 41. ಅವಳು ಜಗಳ ಮಾಡಲಿಲ್ಲ. "ಇದು ನನ್ನದಲ್ಲ ಅಲ್ವಾ ಸರ್?" ಎಂದು ಕೇಳಿದಳು.

ಇವತ್ತು ಇಲ್ಲಿ ಮಾತಾಡಲು ಒಪ್ಪಿಕೊಂಡದ್ದು ಆ ಪ್ರಶ್ನೆಯ ಕಾರಣಕ್ಕೆ. ಅಸೋಸಿಯೇಟಿವ್ ಅರೇ ಸಾರ್ಟ್ ಮಾಡುವುದು ಎಂದರೆ ಸಂಖ್ಯೆಗಳನ್ನು ಮೇಲೆ ಕೆಳಗೆ ಮಾಡುವುದಷ್ಟೇ ಅಲ್ಲ. ಎರಡು ವಿಷಯ ಜೊತೆಗಿವೆ, ಒಂದಕ್ಕೊಂದು ಸೇರಿವೆ. ಸಾಲು ಬದಲಾಗಬೇಕು, ಜೊತೆ ಬಿಡಬಾರದು. ಇದಿಷ್ಟು ತಲೆಯಲ್ಲಿ ಕೂತರೆ ಯಾವ ಫಂಕ್ಷನ್ ಎಂದು ಮ್ಯಾನುಯಲ್ ನೋಡಿ ಆರಿಸಿಕೊಳ್ಳಬಹುದು.

ಮುಂದಿನ ಸಾಲಿನಿಂದ ಐದು ಜನ ಬಂದು ಇಲ್ಲಿ ನಿಂತಿದ್ದಾರಲ್ಲ, ಇವರ ಕೈಯಲ್ಲಿ ಒಂದೊಂದು ಸ್ಲೇಟು ಕೊಟ್ಟಿದ್ದೇನೆ. ಮುಂಭಾಗದಲ್ಲಿ ಒಂದು ಜಿಲ್ಲೆಯ ಹೆಸರಿದೆ, ಹಿಂಭಾಗದಲ್ಲಿ 2011ರ ಜನಗಣತಿಯ ಪ್ರಕಾರ ಆ ಜಿಲ್ಲೆಯ ಜನಸಂಖ್ಯೆ. ಬೆಂಗಳೂರು ನಗರ 96,21,551. ಬೆಳಗಾವಿ 47,79,661. ಮೈಸೂರು 30,01,127. ಉಡುಪಿ 11,77,361. ಕೊಡಗು 5,54,519. ಮುಂಭಾಗ ಕೀ, ಹಿಂಭಾಗ ವ್ಯಾಲ್ಯೂ. ಒಂದು ಸ್ಲೇಟು ಎಂದರೆ ಅರೇಯ ಒಂದು ಅಂಶ.

ಪರದೆಯ ಮೇಲೆ ಅದರಲ್ಲಿ ಮೂರನ್ನು ಕೋಡ್ ಆಗಿ ಬರೆದಿದ್ದೇನೆ ನೋಡಿ:

$ಜನ = ['ಮೈಸೂರು' => 3001127, 'ಕೊಡಗು' => 554519, 'ಉಡುಪಿ' => 1177361];

ಇದು ತೋರಿಸಲಿಕ್ಕೆಂದು ಸುಮ್ನೆ ಕನ್ನಡದಲ್ಲಿ ಬರೆದದ್ದಲ್ಲ. ಪಿಎಚ್‌ಪಿಯಲ್ಲಿ ಈ ಸಾಲು ಹೀಗೇ ಓಡುತ್ತದೆ. ವೇರಿಯೇಬಲ್ ಹೆಸರು, ಇಲ್ಲಿ $ಜನ, ಕನ್ನಡದಲ್ಲಿ ಇರಬಹುದು. ಇಂಗ್ಲಿಷ್ ಎಂದರೆ ಹಿಂಜರಿಯುವ ಮಕ್ಕಳಿಗೆ ಕಲಿಸುವಾಗ ಮೊದಲ ವಾರ ನಾನು ಹೀಗೇ ಬರೆಸುತ್ತೇನೆ. ಕೈ ಕುದುರುತ್ತದೆ, ಭಯ ಹೋಗುತ್ತದೆ. ಕೆಲಸದ ಜಾಗದಲ್ಲಿ ತಂಡದವರು ಹೇಗೆ ಬರೆಯುತ್ತಾರೋ ಹಾಗೆ ಬರೆಯಿರಿ, ಅದು ಬೇರೆ ಮಾತು.

ಈಗ ಇವರನ್ನು ಸಾಲು ಮಾಡೋಣ. "ಹಿಂಭಾಗದ ಸಂಖ್ಯೆ ನೋಡಿಕೊಂಡು ಚಿಕ್ಕದರಿಂದ ದೊಡ್ಡದಕ್ಕೆ ನಿಲ್ಲಿ" ಎಂದರೆ ಕೊಡಗು ಮೊದಲು, ಬೆಂಗಳೂರು ಕೊನೆಗೆ. ಜನ ಸರಿದಾಡಿದರು, ಸ್ಲೇಟು ಅವರವರ ಕೈಯಲ್ಲೇ ಇದೆ. ಇದು ಎ-ಸಾರ್ಟ್. "ಮುಂಭಾಗದ ಹೆಸರಿನ ಅಕ್ಷರ ನೋಡಿಕೊಂಡು ನಿಲ್ಲಿ" ಎಂದರೆ ಉಡುಪಿ, ಕೊಡಗು, ಬೆಂಗಳೂರು ನಗರ, ಬೆಳಗಾವಿ, ಮೈಸೂರು. ಇದು ಕೆ-ಸಾರ್ಟ್. ಬರೀ ಸಾರ್ಟ್ ಏನು ಮಾಡುತ್ತದೆ ಗೊತ್ತಾ? ಎಲ್ಲರನ್ನೂ ಸಂಖ್ಯೆಯ ಪ್ರಕಾರ ನಿಲ್ಲಿಸುತ್ತದೆ, ಆಮೇಲೆ ಮುಂಭಾಗದ ಹೆಸರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ 0, 1, 2 ಎಂದು ಬರೆಯುತ್ತದೆ. ಒರೆಸಿದ ಮೇಲೆ ಅದು ಕೊಡಗೋ ಉಡುಪಿಯೋ ಹೇಳಲು ಯಾರಿಂದಲೂ ಆಗುವುದಿಲ್ಲ. ನನ್ನ ಅಂಕಪಟ್ಟಿಯಲ್ಲಿ ಆದದ್ದು ಅದೇ.

ಹೆಸರಿನ ಮುಂದೆ ಅಂಟಿಕೊಂಡ ಅಕ್ಷರಗಳನ್ನು ಒಮ್ಮೆ ಬಿಡಿಸಿ ನೋಡಿಕೊಂಡರೆ ಬಾಯಿಪಾಠ ಬೇಕಾಗುವುದಿಲ್ಲ. ಎ ಎಂದರೆ ಅಸೋಸಿಯೇಟಿವ್, ಜೊತೆ ಉಳಿಸು. ಕೆ ಎಂದರೆ ಕೀ ನೋಡಿ ಸಾಲು ಮಾಡು. ಆರ್ ಎಂದರೆ ರಿವರ್ಸ್, ದೊಡ್ಡದು ಮೊದಲು. ಯು ಎಂದರೆ ಯೂಸರ್, ಹೇಗೆ ಹೋಲಿಸಬೇಕೆಂದು ನೀವೇ ಹೇಳಿಕೊಡಿ. ಎ-ಆರ್-ಸಾರ್ಟ್ ಎಂದರೆ ಜೊತೆ ಉಳಿಸಿ ದೊಡ್ಡದರಿಂದ ಚಿಕ್ಕದಕ್ಕೆ. ನನ್ನ ಅಂಕಪಟ್ಟಿಗೆ ಬೇಕಾಗಿದ್ದದ್ದು ಅದು. ಒಂದು ಅಕ್ಷರ ಬಿಟ್ಟದ್ದಕ್ಕೆ ಅಷ್ಟೆಲ್ಲ ಆಯಿತು. ಯು-ಸಾರ್ಟ್ ಕೂಡ ಕೀಗಳನ್ನು ಒರೆಸುತ್ತದೆ, ಯು-ಎ-ಸಾರ್ಟ್ ಒರೆಸುವುದಿಲ್ಲ.

ಒಂದು ಅನುಮಾನ ನಿಮಗೆ ಬಂದಿರಬಹುದು. ಹೆಸರು ಹೇಳಿದರೆ ವ್ಯಾಲ್ಯೂ ಸಿಗುತ್ತದೆ, ಹಾಗಿದ್ದ ಮೇಲೆ ಅದಕ್ಕೆ ಸಾಲು ಅಂತ ಯಾಕೆ ಇರಬೇಕು? ಒಳ್ಳೆಯ ಅನುಮಾನ. ಕೆಲವು ಭಾಷೆಗಳಲ್ಲಿ ಇರುವುದೂ ಇಲ್ಲ. ಪರ್ಲ್ ಭಾಷೆಯಲ್ಲಿ ಇಂಥ ಅರೇಯ ಹೆಸರು ಹ್ಯಾಶ್. ಆ ಹ್ಯಾಶ್‌ಗೆ ನೀವು ಹಾಕಿದ ಕ್ರಮ ನೆನಪಿರುವುದಿಲ್ಲ, ಕೀಗಳನ್ನು ಹೊರಗೆ ತೆಗೆದು ಸಾಲು ಮಾಡಿಕೊಂಡು ಒಂದೊಂದಾಗಿ ಕೇಳಬೇಕು. ಪೈಥಾನ್‌ನ ಡಿಕ್ಷನರಿ, ಹಾಕಿದ ಕ್ರಮವನ್ನು ಉಳಿಸಿಕೊಳ್ಳುತ್ತದೆ ಎಂಬ ಭರವಸೆ ಸಿಕ್ಕಿದ್ದು 3.7ರಲ್ಲಿ, 2018ರಲ್ಲಿ. ಪಿಎಚ್‌ಪಿಯ ಅರೇ ಹಾಕಿದ ಕ್ರಮವನ್ನೂ ನೆನಪಿಟ್ಟುಕೊಳ್ಳುತ್ತದೆ, ಹೆಸರು ಕರೆದರೂ ಓಗೊಡುತ್ತದೆ. ಅದಕ್ಕೇ ಅದರ ಮೇಲೆ ನೇರವಾಗಿ ಸಾರ್ಟ್ ಓಡಿಸಬಹುದು.

ಈಗ ಹೊಸಬರು ಪ್ರತಿ ಸಲ ಮಾಡುವ ತಪ್ಪಿಗೆ ಬರೋಣ. ಎ-ಸಾರ್ಟ್ ಕರೆದು ಅದರ ಫಲವನ್ನು ಅದೇ ವೇರಿಯೇಬಲ್‌ಗೆ ಹಾಕಿಕೊಳ್ಳುವುದು. ಪಿಎಚ್‌ಪಿಯ ಬೇರೆ ಎಷ್ಟೋ ಫಂಕ್ಷನ್‌ಗಳು ಹೊಸ ಅರೇ ಮಾಡಿ ಕೈಗೆ ಕೊಡುತ್ತವೆ. ಸಾರ್ಟ್ ಬಳಗದವು ಹಾಗಲ್ಲ. ನೀವು ಕೊಟ್ಟ ಅರೇಯನ್ನೇ ತಿದ್ದುತ್ತವೆ, ವಾಪಸ್ಸು ಬರುವುದು "ಆಯಿತು" ಎಂಬ ಟ್ರೂ ಮಾತ್ರ. ಆ ಟ್ರೂ ಅನ್ನು ನಿಮ್ಮ ಅರೇಯ ಹೆಸರಿಗೇ ಹಾಕಿಕೊಂಡರೆ ಅರೇ ಹೋಯಿತು, ಪ್ರಿಂಟ್ ಮಾಡಿದರೆ 1 ಬರುತ್ತದೆ. ಪಟ್ಟಿ ಮಾಯವಾಗಿ ಬರೀ 1 ಕಂಡರೆ ಗಾಬರಿ ಬೇಡ, ಇದೇ ಕಾರಣ. ಹಾಗೆಯೇ ಹಳೆಯ ಕ್ರಮ ಮತ್ತೆ ಬೇಕಾಗಬಹುದು ಎಂದಿದ್ದರೆ ಮೊದಲೇ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಸಾರ್ಟ್ ಆದ ಮೇಲೆ ಹಳೆಯದು ಸಿಗುವುದಿಲ್ಲ.

ಮತ್ತೆ ಸ್ಲೇಟುಗಳಿಗೆ ಬರೋಣ. ಹಿಂಭಾಗದಲ್ಲಿ ಸಂಖ್ಯೆಯನ್ನು ನಾನು ಹೇಗೆ ಬರೆದಿದ್ದೇನೆ ಗಮನಿಸಿದ್ದೀರಾ? ಅಲ್ಪವಿರಾಮ ಹಾಕಿ ಬರೆದಿದ್ದೇನೆ, ಲಕ್ಷ, ಸಾವಿರ ಓದಲು ಸುಲಭ ಎಂದು. ಕೋಡಿನಲ್ಲಿ ಹಾಕಿಲ್ಲ. ನೀವು ಒಂದು ಎಕ್ಸೆಲ್ ಹಾಳೆಯಿಂದಲೋ ಪಿಡಿಎಫ್‌ನಿಂದಲೋ ಅಂಕಿ ತಂದರೆ ಅದು ಅಲ್ಪವಿರಾಮದ ಜೊತೆಗೇ ಬರುವ ಸಾಧ್ಯತೆ ಜಾಸ್ತಿ. ಆಗ ಅದು ಸಂಖ್ಯೆ ಅಲ್ಲ, ಅಕ್ಷರಗಳ ಸಾಲು. ಎ-ಸಾರ್ಟ್ ಅದನ್ನು ಪದಗಳಂತೆ ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತದೆ. ಹಾಗೆ ಓಡಿಸಿದ್ದು ಇಲ್ಲಿದೆ: ಉಡುಪಿ 11,77,361, ಮೈಸೂರು 30,01,127, ಬೆಳಗಾವಿ 47,79,661, ಆಮೇಲೆ ಕೊಡಗು 5,54,519, ಕೊನೆಗೆ ಬೆಂಗಳೂರು 96,21,551. ಐದರಲ್ಲಿ ಎಲ್ಲಕ್ಕಿಂತ ಚಿಕ್ಕದು ಕೊಡಗು, ಅದು ನಾಲ್ಕನೇ ಜಾಗದಲ್ಲಿ ಬಂದು ಕೂತಿದೆ. ಯಾಕೆಂದರೆ 5 ಎಂಬ ಅಕ್ಷರ 4ರ ನಂತರ ಬರುತ್ತದೆ. ಉಳಿದ ನಾಲ್ಕೂ ಸರಿಯಾಗಿವೆ ನೋಡಿ. ತಪ್ಪು ಪೂರ್ತಿ ಕಣ್ಣಿಗೆ ಹೊಡೆದರೆ ಹಿಡಿಯಬಹುದು, ಐದರಲ್ಲಿ ಒಂದು ಮಾತ್ರ ಎಡವಟ್ಟಾದರೆ ಎಷ್ಟೋ ಸಲ ಹಾಗೇ ದಾಟಿಹೋಗುತ್ತದೆ.

ಇದನ್ನು ಸರಿ ಮಾಡಲು ಹೋಗಿ ಒಬ್ಬ ವಿದ್ಯಾರ್ಥಿ ನೇರವಾಗಿ ಪೂರ್ಣ ಸಂಖ್ಯೆಗೆ, ಅಂದರೆ ಇಂಟಿಜರ್‌ಗೆ ಬದಲಾಯಿಸಿದ. ಸಾಲು ಸರಿಬಂತು, ಖುಷಿಪಟ್ಟ. ಆದರೆ ಪಿಎಚ್‌ಪಿ "11,77,361" ಎಂಬುದನ್ನು ಇಂಟಿಜರ್ ಮಾಡುವಾಗ ಮೊದಲ ಅಲ್ಪವಿರಾಮ ಸಿಕ್ಕ ತಕ್ಷಣ ನಿಲ್ಲುತ್ತದೆ. ಉಳಿಯುವುದು ಬರೀ 11. ಈ ಐದು ಜಿಲ್ಲೆಗೆ ಅದೃಷ್ಟವಶಾತ್ ಕ್ರಮ ಸರಿಯಾಯಿತು. ಚಿಕ್ಕಮಗಳೂರನ್ನು ಸೇರಿಸಿದಾಗ ಗೊತ್ತಾಯಿತು. ಅದರ ಜನಸಂಖ್ಯೆ 11,37,961. ಅದೂ 11, ಉಡುಪಿಯೂ 11. ಎರಡೂ ಸಮ ಎಂದಾಯಿತು. ಮೊದಲು ಅಲ್ಪವಿರಾಮಗಳನ್ನು ತೆಗೆಯಿರಿ, ಆಮೇಲೆ ಇಂಟಿಜರ್ ಮಾಡಿ, ಆಮೇಲೆ ಸಾರ್ಟ್. ಅಲ್ಪವಿರಾಮ ಪುಟದ ಮೇಲೆ ತೋರಿಸುವಾಗ ಹಾಕಿದರೆ ಸಾಕು.

ಕನ್ನಡ ಅಂಕಿಗಳಲ್ಲೂ ಇದೇ ಕಥೆ. ೯ ಮತ್ತು ೧೦ ನಮಗೆ ಸಂಖ್ಯೆ, ಪಿಎಚ್‌ಪಿಗೆ ಅಕ್ಷರ. ೧೦ ಮೊದಲು ಬರುತ್ತದೆ, ೯ ಆಮೇಲೆ. "ವಾರ್ಡ್ 9", "ವಾರ್ಡ್ 10" ಎಂಬಂಥ ಕೀಗಳಿಗೆ ಸಾರ್ಟ್ ಕರೆಯುವಾಗ ನ್ಯಾಚುರಲ್ ಎಂಬ ಫ್ಲ್ಯಾಗ್, ಅಂದರೆ ಒಂದು ಹೆಚ್ಚುವರಿ ಸೂಚನೆ ಕೊಟ್ಟರೆ ಒಳಗಿನ ಸಂಖ್ಯೆಯನ್ನು ಸಂಖ್ಯೆಯಾಗಿಯೇ ನೋಡುತ್ತದೆ. ಆದರೆ ಅದೂ 0ಯಿಂದ 9ರವರೆಗಿನ ಅಂಕಿಗಳಿಗೆ ಮಾತ್ರ. ಕನ್ನಡ ಅಂಕಿಯಿದ್ದರೆ ಮೊದಲು ಬದಲಾಯಿಸಿಕೊಳ್ಳಲೇಬೇಕು.

ಈಗ ಯು ಅಕ್ಷರದವರ ಕಡೆ. ಪ್ರತಿ ಜಿಲ್ಲೆಗೆ ಒಂದೇ ಸಂಖ್ಯೆ ಬದಲು ಒಂದು ಪುಟ್ಟ ಅರೇಯೇ ಇದೆ ಎಂದುಕೊಳ್ಳಿ: ಯಾವ ವಿಭಾಗ, ಎಷ್ಟು ಜನ. ಆಗ ಎ-ಸಾರ್ಟ್‌ಗೆ ನಿಮ್ಮ ಮನಸ್ಸಿನಲ್ಲಿರುವುದು ಯಾವುದು ಎಂದು ತಿಳಿಯುವುದಿಲ್ಲ. ಯು-ಎ-ಸಾರ್ಟ್ ಕರೆದು, ಎರಡು ಅಂಶ ಕೊಟ್ಟರೆ ಯಾವುದು ಮೊದಲು ಎಂದು ಹೇಳುವ ಒಂದು ಫಂಕ್ಷನ್ ಕೊಡಬೇಕು. ಮೊದಲನೆಯದು ಚಿಕ್ಕದಾದರೆ ಸೊನ್ನೆಗಿಂತ ಕಡಿಮೆ, ಸಮವಾದರೆ ಸೊನ್ನೆ, ದೊಡ್ಡದಾದರೆ ಸೊನ್ನೆಗಿಂತ ಜಾಸ್ತಿ. ಬಾಯಲ್ಲಿ ಹೇಳಲು ಸುಲಭ. ಬರೆಯುವಾಗ ಕೈ ತಪ್ಪುವುದು ಇಲ್ಲೇ.

ಹಳಬರು ಒಂದು ಉಪಾಯ ಹೇಳಿಕೊಡುತ್ತಾರೆ: ಒಂದರಿಂದ ಇನ್ನೊಂದನ್ನು ಕಳೆದು ಉಳಿದದ್ದನ್ನು ಕೊಡು. ಪೂರ್ಣ ಸಂಖ್ಯೆಗಳಿಗೆ ನಡೆಯುತ್ತದೆ. ತರಕಾರಿ ಬೆಲೆಗೆ ಹಾಕಿ ನೋಡಿ. ಟೊಮೆಟೊ 40.50, ಈರುಳ್ಳಿ 40.00. ಕಳೆದರೆ ಅರ್ಧ. ಆದರೆ ಪಿಎಚ್‌ಪಿ ಈ ಫಂಕ್ಷನ್‌ನಿಂದ ಬಂದದ್ದನ್ನು ಪೂರ್ಣ ಸಂಖ್ಯೆ ಮಾಡಿಕೊಳ್ಳುತ್ತದೆ, ದಶಾಂಶದ ನಂತರದ್ದು ಕತ್ತರಿಸಿ ಹೋಗುತ್ತದೆ. ಅರ್ಧ ಸೊನ್ನೆಯಾಯಿತು. ಎರಡೂ ಒಂದೇ ಬೆಲೆ ಎಂದು ಬಿಟ್ಟುಬಿಡುತ್ತದೆ. ಒಂದು ರೂಪಾಯಿಗಿಂತ ಕಡಿಮೆ ವ್ಯತ್ಯಾಸ ಇರುವ ಯಾವ ಜೋಡಿಯೂ ಅದರ ಕಣ್ಣಿಗೆ ಸಮವೇ. ಅಷ್ಟು ಸಣ್ಣ ಜಾಗದಲ್ಲಿ ಅಡಗಿರುವ ತಪ್ಪು ಹುಡುಕಲು ನನಗೆ ಒಂದು ಪೂರ್ತಿ ಮಧ್ಯಾಹ್ನ ಹಿಡಿದಿತ್ತು.

ಇದಕ್ಕೆ 2015ರ ಕೊನೆಯಲ್ಲಿ ಬಂದ ಪಿಎಚ್‌ಪಿ 7 ಒಂದು ಗುರುತು ಕೊಟ್ಟಿತು: <=>. ಸ್ಪೇಸ್‌ಶಿಪ್ ಎಂದು ಕರೆಯುತ್ತಾರೆ. $ಅ <=> $ಬ ಎಂದು ಬರೆದರೆ ಮೈನಸ್ 1, 0 ಅಥವಾ 1, ಮೂರರಲ್ಲಿ ಒಂದು ಬರುತ್ತದೆ. ದಶಾಂಶ ಇದ್ದರೂ ಸರಿ, ಪದವಾದರೂ ಸರಿ. ದೊಡ್ಡದು ಮೊದಲು ಬೇಕಾದರೆ ಎರಡನ್ನೂ ಅದಲುಬದಲು ಮಾಡಿ, $ಬ <=> $ಅ. ದಯವಿಟ್ಟು ಕಳೆಯುವ ಉಪಾಯ ಬಿಡಿ, ಇದನ್ನೇ ಬಳಸಿ. ಬರೀ "ಇದು ಅದಕ್ಕಿಂತ ದೊಡ್ಡದೇ" ಎಂದು ಹೌದು-ಇಲ್ಲ ಉತ್ತರ ಕೊಡುವ ಹಳೆಯ ಕೋಡ್ ನಿಮಗೆ ಸಿಗಬಹುದು. ಪಿಎಚ್‌ಪಿ 8ರಿಂದ ಅದಕ್ಕೆ ಎಚ್ಚರಿಕೆ ಬರುತ್ತದೆ. ಹೌದು-ಇಲ್ಲದಲ್ಲಿ "ಸಮ" ಎಂದು ಹೇಳುವುದಕ್ಕೆ ಜಾಗವೇ ಇಲ್ಲವಲ್ಲ.

ವಿಭಾಗವಾರು ಸಾಲು, ಒಂದೊಂದು ವಿಭಾಗದೊಳಗೆ ಜನಸಂಖ್ಯೆಯ ಸಾಲು ಬೇಕು ಎಂದರೆ ಮೊದಲು ವಿಭಾಗ ಹೋಲಿಸಿ. ಸೊನ್ನೆ ಬಂದರೆ ಮಾತ್ರ ಜನಸಂಖ್ಯೆ ಹೋಲಿಸಿ. ನಮ್ಮ ಐದರಲ್ಲಿ ಮೈಸೂರು, ಕೊಡಗು, ಉಡುಪಿ ಮೂರೂ ಮೈಸೂರು ವಿಭಾಗದವು, ಹಾಗಾಗಿ ಆ ಮೂರಕ್ಕೆ ಮಾತ್ರ ಎರಡನೇ ಹೋಲಿಕೆ ನಡೆಯುತ್ತದೆ. ಬೆಳಗಾವಿಗೂ ಬೆಂಗಳೂರಿಗೂ ಮೊದಲ ಹೋಲಿಕೆಯಲ್ಲೇ ತೀರ್ಮಾನ.

ಸಮ ಬಂದವರ ಬಗ್ಗೆ ಇನ್ನೊಂದು ಮಾತು. ಇಬ್ಬರು ಮಕ್ಕಳಿಗೆ ಒಂದೇ ಅಂಕ, ಹಾಜರಿ ಪುಸ್ತಕದಲ್ಲಿ ಮುಂದಿದ್ದವರು ಮುಂದೆಯೇ ಇರಬೇಕು ಎಂದು ನಾವು ಬಯಸುತ್ತೇವೆ. ಹಾಗೆ ಉಳಿಸುವುದಕ್ಕೆ ಸ್ಟೇಬಲ್ ಸಾರ್ಟ್ ಎನ್ನುತ್ತಾರೆ. ಪಿಎಚ್‌ಪಿ ಈ ಭರವಸೆ ಕೊಟ್ಟದ್ದು 8.0ರಲ್ಲಿ, 2020ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ 7ರಲ್ಲಿ ಒಂದು ವಿಚಿತ್ರ ಇತ್ತು. ಹತ್ತು ಹನ್ನೆರಡು ಅಂಶಗಳ ಸಣ್ಣ ಪಟ್ಟಿಗೆ ಒಳಗೆ ಇನ್ಸರ್ಷನ್ ಸಾರ್ಟ್ ಓಡುತ್ತಿತ್ತು, ಅದು ಸಮ ಬಂದವರನ್ನು ಕದಲಿಸುವುದಿಲ್ಲ. ಪಟ್ಟಿ ದೊಡ್ಡದಾದರೆ ಕ್ವಿಕ್ ಸಾರ್ಟ್ ಕೈಗೆತ್ತಿಕೊಳ್ಳುತ್ತಿತ್ತು, ಅದಕ್ಕೆ ಆ ಎಚ್ಚರ ಇಲ್ಲ. ಹೀಗಾಗಿ ಐದು ಹೆಸರು ಹಾಕಿ ಪರೀಕ್ಷೆ ಮಾಡಿದಾಗ ಎಲ್ಲ ಸರಿ, ಇಡೀ ತರಗತಿ ಹಾಕಿದಾಗ ಸಮ ಅಂಕದವರು ಅದಲುಬದಲು. ಹಳೆಯ ಸರ್ವರ್‌ನಲ್ಲಿ ಕೆಲಸ ಮಾಡಬೇಕಾಗಿ ಬಂದರೆ ಇದು ನೆನಪಿರಲಿ. ಪರೀಕ್ಷೆಗೆ ಇಡುವ ಪಟ್ಟಿ ನಿಜವಾದ ಪಟ್ಟಿಯಷ್ಟೇ ಉದ್ದ ಇರಲಿ.

ಸಾರ್ಟ್ ಸರಿಯಾಗಿ ಮಾಡಿಯೂ ಹೆಸರು ಕಳೆದುಕೊಳ್ಳುವ ಒಂದು ಜಾಗ ಇದೆ. ಮೊದಲ ಮೂರು ಸ್ಥಾನ ಬೇಕು ಎಂದು ಎ-ಆರ್-ಸಾರ್ಟ್ ಮಾಡಿ, ಅರೇ-ಸ್ಲೈಸ್‌ನಿಂದ ಮೂರು ತೆಗೆಯುತ್ತೀರಿ. ಕೀ ಹೆಸರಾಗಿದ್ದರೆ ತೊಂದರೆ ಇಲ್ಲ. ಕೀ ರಿಜಿಸ್ಟರ್ ನಂಬರ್ ಆಗಿದ್ದರೆ? ಸ್ಲೈಸ್ ಸಂಖ್ಯೆಯ ಕೀಗಳನ್ನು ಹೇಳದೆ ಕೇಳದೆ 0, 1, 2 ಮಾಡಿಬಿಡುತ್ತದೆ. ಕೋಟ್ ಹಾಕಿ "20231" ಎಂದು ಬರೆದಿದ್ದರೂ ಬಿಡುವುದಿಲ್ಲ, ಏಕೆಂದರೆ ಪಿಎಚ್‌ಪಿ ಅಂಥ ಕೀಯನ್ನು ಒಳಗೆ ತೆಗೆದುಕೊಳ್ಳುವಾಗಲೇ ಇಂಟಿಜರ್ ಮಾಡಿಕೊಂಡಿರುತ್ತದೆ. "007" ಎಂದಿದ್ದರೆ ಮಾತ್ರ ಮುಂದಿನ ಸೊನ್ನೆಯಿಂದಾಗಿ ಪದವಾಗಿ ಉಳಿಯುತ್ತದೆ. ಸ್ಲೈಸ್‌ಗೆ ನಾಲ್ಕನೆಯದಾಗಿ ಟ್ರೂ ಕೊಡಿ, ಕೀ ಉಳಿಯುತ್ತದೆ. ಪದಕ ಯಾರಿಗೆ ಎಂದು ತೀರ್ಮಾನ ಆಗುವ ಸಾಲು ಇದು, ಇಲ್ಲಿ ಆತುರ ಬೇಡ.

ಇನ್ನು ಕನ್ನಡ. ಇದನ್ನು ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ನನಗೆ ತುಂಬ ಹತ್ತಿರದ ವಿಷಯ. ನಾವೆಲ್ಲ ಕಲಿತದ್ದು ಹೇಗೆ? ಯ ರ ಲ ವ ಶ ಷ ಸ ಹ ಳ. ಳ ಕೊನೆಗೆ. ನಿಘಂಟಿನಲ್ಲೂ ಹಾಗೇ ಹುಡುಕುತ್ತೇವೆ. ಯೂನಿಕೋಡ್‌ನಲ್ಲಿ ಅಕ್ಷರಗಳಿಗೆ ಕೊಟ್ಟ ಸಂಖ್ಯೆಯಲ್ಲಿ ಮಾತ್ರ ಳ ಕೂತಿರುವುದು ಲ ಪಕ್ಕದಲ್ಲಿ, ವ ಗಿಂತ ಮೊದಲು. ಭಾರತದ ಲಿಪಿಗಳಿಗೆಲ್ಲ ಒಂದೇ ಚೌಕಟ್ಟು ಇರಲಿ ಎಂದು ಮಾಡಿದ ಇಸ್ಕಿ ಸಂಕೇತದ ಕ್ರಮವನ್ನು ಯೂನಿಕೋಡ್ ಮುಂದುವರಿಸಿತು. ದೇವನಾಗರಿಯ ळ ಇದ್ದ ಜಾಗಕ್ಕೆ ನಮ್ಮ ಳ ಬಂತು. ಪಿಎಚ್‌ಪಿಯ ಕೆ-ಸಾರ್ಟ್ ಆ ಸಂಖ್ಯೆಗಳನ್ನೇ ನೋಡುತ್ತದೆ. ವರ್ಣಮಾಲೆ ಅದಕ್ಕೆ ಗೊತ್ತಿಲ್ಲ.

ಒಂದು ಕಿರಾಣಿ ಅಂಗಡಿಯ ಬೆಲೆಪಟ್ಟಿ ಮಾಡುವಾಗ ಇದು ನನ್ನ ಗಮನಕ್ಕೆ ಬಂತು. ಕೆ-ಸಾರ್ಟ್ ಮಾಡಿದರೆ ಬಾಳೆಹಣ್ಣು ಮೊದಲು, ಬಾಸ್ಮತಿ ಆಮೇಲೆ. ಅಂಗಡಿಯ ಹಿರಿಯರು ಪಟ್ಟಿಯ ಮೇಲೆ ಬೆರಳಿಟ್ಟು, "ಸ ಆದ ಮೇಲೆ ಅಲ್ವಾ ಳ ಬರೋದು?" ಎಂದರು. ಅವರು ಸರಿ. ಕಂಪ್ಯೂಟರ್ ಕೊಟ್ಟ ಕ್ರಮವೇ ಕ್ರಮ ಎಂದು ನಾವು ಒಪ್ಪಿಕೊಂಡು ಕೂರಬೇಕಿಲ್ಲ. ಕನ್ನಡದ ಕ್ರಮ ಕನ್ನಡ ಓದುವವರ ಕೈಯಲ್ಲಿದೆ, ಕೋಡ್ ಅದನ್ನು ಪಾಲಿಸಬೇಕು.

ಅದಕ್ಕೆ ಪಿಎಚ್‌ಪಿಯ ಇಂಟ್ಲ್ ಎಕ್ಸ್‌ಟೆನ್ಷನ್‌ನಲ್ಲಿ ಆಯಾ ಭಾಷೆಯ ಅಕ್ಷರಕ್ರಮದಂತೆ ಪದಗಳನ್ನು ಹೋಲಿಸುವ ಕೊಲೇಟರ್ ಎಂಬ ಕ್ಲಾಸ್ ಇದೆ. ಭಾಷೆ ಕನ್ನಡ ಎಂದು ಹೇಳಿ ಅದನ್ನು ಮಾಡಿಕೊಳ್ಳಬೇಕು. ಅದರಲ್ಲೂ ಸಾರ್ಟ್ ಬೇರೆ, ಎ-ಸಾರ್ಟ್ ಬೇರೆ. ಇಲ್ಲೂ ಎ ಇದ್ದರೇ ಜೊತೆ ಉಳಿಯುವುದು. ಆದರೆ ಕೊಲೇಟರ್‌ನಲ್ಲಿ ಕೆ-ಸಾರ್ಟ್ ಇಲ್ಲ. ನಮ್ಮ ಪಟ್ಟಿಯಲ್ಲಿ ಕನ್ನಡ ಹೆಸರು ಇರುವುದು ಕೀಯಲ್ಲಿ. ಹಾಗಾಗಿ ಯು-ಕೆ-ಸಾರ್ಟ್ ಕರೆದು, ಹೋಲಿಸುವ ಕೆಲಸಕ್ಕೆ ಕೊಲೇಟರ್‌ನ ಕಂಪೇರ್ ಅನ್ನು ಕೊಡಬೇಕು. ಒಂದೇ ಸಾಲಿನ ಕೋಡ್.

ಮನೆಗೆ ಹೋಗಿ ನಾಲ್ಕು ಪದ ಕೀಯಾಗಿ ಇಟ್ಟು, ಬೆಲೆ ಏನಾದರೂ ಹಾಕಿ, ಎರಡೂ ಬಗೆಯಲ್ಲಿ ಓಡಿಸಿ ನೋಡಿ: ಬಾಳೆಹಣ್ಣು, ಬಾಸ್ಮತಿ, ಹಳದಿ ದಾರ, ಹಸಿಮೆಣಸು. ಮೊದಲು ಕೆ-ಸಾರ್ಟ್, ಆಮೇಲೆ ಕೊಲೇಟರ್ ಜೊತೆ ಯು-ಕೆ-ಸಾರ್ಟ್. ಳ ಇರುವ ಎರಡು ಪದ ಎಲ್ಲಿ ನಿಂತಿವೆ ಎಂದು ಬರೆದಿಟ್ಟುಕೊಳ್ಳಿ. ಪ್ರತಿ ಸಲವೂ ಬೆಲೆ ಅದರದೇ ಪದದ ಪಕ್ಕದಲ್ಲಿದೆಯಾ ಎಂದೂ ನೋಡಿ. ಮುಂದಿನ ಭಾನುವಾರ ಬರುವಾಗ ಆ ಕಾಗದ ತನ್ನಿ, ಅಲ್ಲಿಂದ ಮುಂದುವರಿಸೋಣ.